ಎಡಕ್ಕೆ ಹೊರಳಿದ ಹಸಿರು ಸೀರೆ

ನಂದಕುಮಾರ ತೆಂಗಿನಕಾಯಿ ಕೊಳ್ಳುವುದನ್ನು ಒಂದು ಸಲ ನೋಡಿದರೆ ಸಾಕು, ಅವನ ಸ್ವಭಾವ ಎಂಥದ್ದೆಂದು ಬೇರೆಯವರನ್ನು ಕೇಳಬೇಕಾಗಿರಲಿಲ್ಲ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ, ಉಗುರಿನಿಂದ ತಟ್ಟುತ್ತಿದ್ದ, ಆಮೇಲೆ ಅಂಗಡಿಯವನ ಮುಖ ನೋಡುತ್ತಿದ್ದ. ಅಂಗಡಿಯವನು ನಕ್ಕರೆ ಆ ಕಾಯಿ ಬೇಡ. ಗಂಭೀರವಾಗಿ ನಿಂತರೆ ಇನ್ನೂ ಬೇಡ. ‘ಅನುಮಾನಂ ಪೆದ್ದ ರೋಗಂ’ ಎಂದು ಅವನ ತಾಯಿ ವರಲಕ್ಷ್ಮಮ್ಮ ತೆಲುಗಿನಲ್ಲಿ ಗೊಣಗುತ್ತಿದ್ದರು. ಅನುಮಾನ ದೊಡ್ಡ ರೋಗ, ಮದ್ದಿಲ್ಲ. ಮಗನಿಗೆ ತಾಯಿಯ ಆ ಮಾತಿನ ಮೇಲೂ ಅನುಮಾನವಿತ್ತು.

ದೊಡ್ಡಬಳ್ಳಾಪುರದಲ್ಲಿ ಅವರದು ನೇಕಾರರ ಬೀದಿ. ಮನೆಯ ಮುಂಭಾಗದಲ್ಲಿ ಕರೆಂಟ್ ಮಗ್ಗ, ಹಿಂಭಾಗದಲ್ಲಿ ಸಂಸಾರ. ಬೆಳಗಾದರೆ ಲಾಳಿ ಆ ಕಡೆಯಿಂದ ಈ ಕಡೆಗೆ ಬಡಿಯುವ ಸದ್ದು. ಒಂದು ಏಟಿಗೂ ಮುಂದಿನ ಏಟಿಗೂ ನಡುವಿನ ಸಂದಿಯಲ್ಲಿ ಮಾತು ತೂರಿಸಬೇಕು, ಇಲ್ಲದಿದ್ದರೆ ಎದುರು ನಿಂತವರಿಗೂ ಕೇಳುವುದಿಲ್ಲ. ಆ ಬೀದಿಯವರೆಲ್ಲ ಹಾಗೆಯೇ ಮಾತಾಡುತ್ತಾರೆ. ಆದರೆ ನಂದ ಮಾತಾಡಿದರೆ ಮಗ್ಗವೇ ಅವನಿಗೆ ತಾಳ ಹಾಕುತ್ತಿದೆ ಅನ್ನಿಸುತ್ತಿತ್ತು. ಹೆಂಡತಿ ಚೌಡೇಶ್ವರಿ ಪಕ್ಕದಲ್ಲಿ ಕೂತು ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿರುವಾಗ, “ಸಕ್ರೆ ಯಾಕೆ ಕಮ್ಮಿಯಾಯ್ತು, ಸಂತೆ ಇನ್ನೂ ದೂರ ಐತೆ, ನೆಂಟ್ರು ಯಾರೂ ಬಂದಿಲ್ಲ, ನೆರೆಮನೆಗೇನು ಕೊಟ್ಯಾ ಹೇಳು” ಎಂದು ತಾಳ ತಪ್ಪದೆ ವಿಚಾರಣೆ ಮಾಡುತ್ತಿದ್ದ. ಅವಳು ಉತ್ತರ ಕೊಡುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂದಿರುತ್ತಿತ್ತು.

ನಾನು ಮಸ್ತಾನ್. ಹಳೇ ಬಸ್ ಸ್ಟಾಂಡಿನ ಹತ್ತಿರ ನನ್ನದು ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಅಂಗಡಿ. ಕಾರ್ಯಕ್ರಮಗಳಿದ್ದಾಗ ವೇಣುಗೋಪಾಲ್ ಮೇಷ್ಟ್ರ ಆರ್ಕೆಸ್ಟ್ರಾದಲ್ಲಿ ಢೋಲಕ್ ಬಾರಿಸುತ್ತಿದ್ದೆ. ನಂದನೂ ನಾನೂ ಒಂದೇ ಸ್ಕೂಲಿನವರು. ಅವನ ಟೇಪ್ ರೆಕಾರ್ಡರನ್ನು ನಾನು ರಿಪೇರಿ ಮಾಡುವಾಗ, ಒಳಗಿನ ಒಳ್ಳೆಯ ಸಾಮಾನು ತೆಗೆದುಕೊಂಡು ಬಿಡುತ್ತೇನೋ ಎಂದು ಎದುರಿಗೇ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದ. ನಮ್ಮ ಸ್ನೇಹ ಬೆಳೆದದ್ದೇ ಆ ಸ್ಟೂಲಿನ ಮೇಲೆ.

ಹಾಗೆ ಕೂತಿದ್ದ ಒಂದು ದಿನ, ತೊಂಬತ್ತೊಂದರಲ್ಲಿ ಇರಬೇಕು, ಶಿವಾಜಿನಗರದಲ್ಲಿದ್ದ ನನ್ನ ಚಿಕ್ಕಪ್ಪನ ಮಗ ಕೊಟ್ಟಿದ್ದ ಒಂದು ಕ್ಯಾಸೆಟ್ ಹಾಕಿದೆ. ಅಮೆರಿಕದ ಕರಿಯ ಹುಡುಗರದು. ಹಾಡೇ ಇಲ್ಲ, ಡ್ರಮ್ಮಿನ ಮೇಲೆ ಬರೀ ಮಾತು. ರ‍್ಯಾಪ್ ಅಂತಾರೆ, ಹಿಪ್-ಹಾಪ್ ಅಂತಲೂ ಅಂತಾರೆ ಎಂದು ನನಗೆ ಗೊತ್ತಿದ್ದಷ್ಟು ಹೇಳಿದೆ. ನಂದ ಕತ್ತು ವಾರೆ ಮಾಡಿ ಕೇಳಿದ.

“ಇವ್ರು ಯಾರನ್ನೋ ನಿಲ್ಲಿಸ್ಕೊಂಡು ಕೇಳ್ತಾವ್ರೆ ಕಣೋ. ಎಲ್ಲಿಗೆ ಹೋಗಿದ್ದೆ, ಯಾಕೆ ಹೋಗಿದ್ದೆ ಅಂತ.”

“ನಿಂಗೆ ಇಂಗ್ಲಿಷ್ ಯಾವಾಗ ಬಂತು?”

“ಇಂಗ್ಲಿಷ್ ಯಾಕೆ ಬೇಕು ಗುರು? ದನಿ ಕೇಳ್ಸಲ್ವಾ ನಿಂಗೆ?”

ಆ ಕ್ಯಾಸೆಟ್ಟನ್ನು ಮನೆಗೆ ಒಯ್ದವನು ವಾಪಸ್ಸು ಕೊಡಲಿಲ್ಲ. ಮಗ್ಗದ ಮುಂದೆ ಅದರ ಲಯ ಹಿಡಿದು ಕನ್ನಡದಲ್ಲಿ ಮಾತು ಕಟ್ಟುತ್ತಿದ್ದಾನೆ ಎಂದು ಚೌಡೇಶ್ವರಿ ನಮ್ಮಮ್ಮನ ಹತ್ತಿರ ಹೇಳಿ ನಕ್ಕಿದ್ದಳಂತೆ.

ಮುಂದಿನ ವರ್ಷ ಗಣೇಶನ ಹಬ್ಬಕ್ಕೆ ನಮ್ಮೂರಲ್ಲೇ ಕಾರ್ಯಕ್ರಮ. ವೇಣು ಮೇಷ್ಟ್ರು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರು, ಸಂಜೆಯಾದರೆ ಪಿಟೀಲು. ಅವರದು ನಿಜವಾದ ವಾದ್ಯಗಳ ತಂಡ: ಅವರ ಜೊತೆಗೆ ಇನ್ನಿಬ್ಬರು ಪಿಟೀಲಿನವರು, ಕೊಳಲು, ಗಿಟಾರ್, ಕೀಬೋರ್ಡ್, ನನ್ನ ಢೋಲಕ್. ಹಾಡುವವಳು ವಾಣಿ, ದೇವನಹಳ್ಳಿಯ ಹುಡುಗಿ, ಪ್ರೇಮಗೀತೆಗಳಿಗೆ ಹೆಸರಾದವಳು. ಆ ಸಂಜೆ ಗಂಡು ದನಿಯವನು ಬೆಂಗಳೂರಿನಿಂದ ಬರಲೇ ಇಲ್ಲ. ಯುಗಳಗೀತೆ ಶುರುವಾಗಿತ್ತು. ನಿನ್ನ ಕಂಡಾಗಿನಿಂದ ನಿದ್ದೆಯಿಲ್ಲ ಎಂಬ ಅರ್ಥದ ಸಾಲನ್ನು ವಾಣಿ ಹಾಡಿ ಮುಗಿಸಿದಳು, ಉತ್ತರಿಸಲು ಯಾರೂ ಇಲ್ಲ. ವೇದಿಕೆಯ ಪಕ್ಕದಲ್ಲಿ ನಿಂತಿದ್ದ ನಂದ ಖಾಲಿ ಮೈಕು ಎತ್ತಿಕೊಂಡ.

“ನಿದ್ದೆ ಬರಲ್ಲ ಅಂತೀಯಾ? ನಿಜವ ಹೇಳು ನೋಡಾನ!
ಕಣ್ಣ ಕೆಳಗೆ ಕಪ್ಪಿಲ್ಲ, ಕಾಡ್ಗೆ ಒಂಚೂರ್ ಕದಡಿಲ್ಲ,
ಇಡೀ ರಾತ್ರಿ ಎದ್ದವಳು ಬೆಳಗ್ಗೆ ಯಾಕೆ ಆಕಳ್ಸಲ್ಲ?
ಎದ್ದಿದ್ ಯಾರ ನೆನಪಲ್ಲಿ? ಎದುರ್ಮನೇಲಿ ದೀಪ ಯಾಕಲ್ಲಿ?”

ನನ್ನ ಕೈ ನನಗೆ ಹೇಳದೆಯೇ ಢೋಲಕ್ಕಿನ ನಡೆ ಬದಲಿಸಿತು. ಮೇಷ್ಟ್ರು ಬಿಲ್ಲನ್ನು ಗಾಳಿಯಲ್ಲೇ ಹಿಡಿದು ಅವನನ್ನು ದುರುಗುಟ್ಟಿ ನೋಡಿದರು. ಆಮೇಲೆ, ಏನನ್ನಿಸಿತೋ, ಪ್ರಶ್ನೆ ಮುಗಿದ ಜಾಗಕ್ಕೆ ಸರಿಯಾಗಿ ಮೂರೂ ಪಿಟೀಲು ಒಟ್ಟಿಗೆ ಎತ್ತಿಸಿದರು. ಜನ ಎದ್ದು ನಿಂತು ಶಿಳ್ಳೆ ಹಾಕಿದರು. ಗಂಡಸರು ನಕ್ಕರು, ಹೆಂಗಸರೂ ನಕ್ಕರು. ಹೆಂಗಸರ ನಗು ಬೇಗ ನಿಂತಿತು ಎಂಬುದು ನನಗೆ ಈಗ ನೆನಪಾಗುತ್ತದೆ.

ಅಲ್ಲಿಂದ ಮುಂದೆ ನಂದನಿಲ್ಲದೆ ನಮಗೆ ಯಾರೂ ವೀಳ್ಯ ಕೊಡಲಿಲ್ಲ. ಪೋಸ್ಟರಿನಲ್ಲಿ ‘ರ‍್ಯಾಪ್ ನಂದು’ ಎಂದು ಹಾಕಿಸಿದೆವು. ಜನ ಮಾತ್ರ ಅದನ್ನು ‘ಅನುಮಾನದ ಹಾಡು’ ಎಂದೇ ಕರೆದರು. ಹಳೆಯ ಪ್ರೇಮಗೀತೆಗಳನ್ನು ಮೇಷ್ಟ್ರು ಅವನಿಗಾಗಿ ಬಿಚ್ಚಿ ಮತ್ತೆ ಹೊಲಿದರು. ಕೊಳಲು ಮೃದುವಾಗಿ ಶುರುಮಾಡಬೇಕು, ವಾಣಿ ಪಲ್ಲವಿ ಹಾಡಬೇಕು, ಚಂದ್ರ, ಮಲ್ಲಿಗೆ, ಏಳೇಳು ಜನ್ಮ ಎಲ್ಲ ಬರಬೇಕು. ಆಗ ನಂದ ಒಳನುಗ್ಗಿ, ಚಂದ್ರನನ್ನು ಯಾರ ಜೊತೆ ನಿಂತು ನೋಡಿದೆ, ಮಲ್ಲಿಗೆ ಯಾರು ತಂದದ್ದು ಎಂದು ಕೇಳಬೇಕು. ಕೇಳಿ ಮುಗಿದ ಕೂಡಲೇ ಪಿಟೀಲು. ವಾಣಿ ನಗುತ್ತಾ ನಿಂತಿರಬೇಕು. ಹೊಸಕೋಟೆ, ನೆಲಮಂಗಲ, ವಿಜಯಪುರ ಎಲ್ಲ ಕಡೆ ಇದೇ ಬೇಕೆಂದರು.

ಅವನ ಮಾತುಗಳು ಎಲ್ಲಿಂದ ಬರುತ್ತವೆ ಎಂದು ಊರಿಗೆ ಗುಮಾನಿ ಹುಟ್ಟಿದ್ದು ಸಹಜವೇ. ಟೀ ಅಂಗಡಿಯಲ್ಲಿ ಅವನು ಬಂದು ಕೂತರೆ ಜನ ದನಿ ತಗ್ಗಿಸುತ್ತಿದ್ದರು. “ಇವನ್ಮುಂದೆ ಮಾತಾಡ್ಬೇಡ್ರಪ್ಪ, ನಾಳೆ ಮೈಕಲ್ಲಿ ಬರ್ತದೆ” ಎಂದು ಅಪ್ಪಯ್ಯಣ್ಣ ಎಂಬ ಸೀರೆ ವ್ಯಾಪಾರಿ ತಮಾಷೆ ಮಾಡುತ್ತಿದ್ದ, ಮಾಡುತ್ತಲೇ ಎದ್ದು ಹೋಗುತ್ತಿದ್ದ. ನಂದನಿಗೆ ಇದರಿಂದ ಬೇಜಾರಾಗಲಿಲ್ಲ. ಎದ್ದು ಹೋಗುವವರ ಬೆನ್ನು ನೋಡಿ, “ಏನೋ ಐತೆ ಕಣೋ” ಎನ್ನುತ್ತಿದ್ದ.

ತೊಂಬತ್ತನಾಲ್ಕರ ರಾಜ್ಯೋತ್ಸವಕ್ಕೆ ಅವನು ಹೊಸ ಸಾಲು ಕಟ್ಟಿದ.

“ಹಸಿರು ಸೀರೆ ಉಟ್ಕೊಂಡು ಹೂವಿಗಂತ ಹೊಂಟೆಯಲ್ಲ,
ಹೂವಿನಂಗ್ಡಿ ಬಲಕ್ಕೈತೆ, ಎಡಕ್ಯಾಕೆ ಹೊಳ್ಳಿದೆಯಲ್ಲ?
ಮುಡಿಯೆಲ್ಲಾ ಖಾಲಿ ಖಾಲಿ, ಮುಖದ ತುಂಬ ಅರಳಿದ ಹೂವು,
ಯಾರ ತೋಟ? ಯಾವ ಗಿಡ? ಯಾರು ಕಿತ್ತು ಕೊಟ್ಟ ಹೂವು?”

ಅಷ್ಟು ಜೋರು ಚಪ್ಪಾಳೆ ನಾವು ಅದುವರೆಗೆ ಕೇಳಿರಲಿಲ್ಲ. ಮೂರು ಸಲ ಹೇಳಿಸಿದರು. ಮೂರನೆಯ ಸಲಕ್ಕೆ ಜನರ ನಡುವಿನಿಂದ ಒಬ್ಬ ಎದ್ದು ಸೀದಾ ಹೊರಗೆ ನಡೆದ. ಹಿಟ್ಟಿನ ಗಿರಣಿಯ ಬೈರಪ್ಪ. ಅವನ ಹೆಂಡತಿ ಭಾಗ್ಯಮ್ಮನಿಗೆ ಒಂದು ಹಸಿರು ಸೀರೆ ಇತ್ತು. ಹೂವು ತರುತ್ತೇನೆಂದು ಹೇಳಿ ಸಂಜೆ ಹೊರಗೆ ಹೋಗುವುದೂ ಇತ್ತು. ಎಷ್ಟೋ ದಿನ ಅವಳು ಹೂವಿಲ್ಲದೆ ಬಂದಿದ್ದಳೆಂದು ಅವನಿಗೆ ಆ ಹಾಡಿನಿಂದಲೇ ಹೊಳೆಯಿತು.

ಆ ವಾರ ಕಳೆಯುವುದರೊಳಗೆ ಅವಳನ್ನು ತೂಬಗೆರೆಯ ಅಣ್ಣನ ಮನೆಗೆ ಕಳಿಸಿಬಿಟ್ಟ.

ಹೂವಿನಂಗಡಿಯಿಂದ ಎಡಕ್ಕೆ ತಿರುಗಿದರೆ ನಮ್ಮ ಗಲ್ಲಿ. ನಮ್ಮಮ್ಮ ಬಶೀರುನ್ನೀಸಾ ಆ ಗಲ್ಲಿಯ ಮನೆಯಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸುತ್ತಿದ್ದರು. ಯಾರು ಯಾರು ಬರುತ್ತಿದ್ದರೋ ಅಂಗಡಿಯಲ್ಲಿರುತ್ತಿದ್ದ ನನಗೆ ಗೊತ್ತಿರಲಿಲ್ಲ. ಅಮ್ಮಿ ಸುದ್ದಿ ಕೇಳಿದ ದಿನವೇ ಗಿರಣಿಗೆ ಹೋದರು. ನಾನೂ ಜೊತೆಗಿದ್ದೆ.

“ಬೈರಪ್ಪನೋರೆ, ಭಾಗ್ಯ ನಮ್ಮನೇಗೆ ಬರ್ತಿದ್ಲು. ಬ್ಲೌಸ್ ಕಟಿಂಗ್ ಕಲೀತಿದ್ಲು, ಅಷ್ಟೇ. ನಾನು ಖುದಾ ಮೇಲೆ ಆಣೆ ಇಟ್ಟು ಹೇಳ್ತೀನಿ.”

ಬೈರಪ್ಪ ಗಿರಣಿ ನಿಲ್ಲಿಸಲಿಲ್ಲ. ಆ ಸದ್ದಿನ ಮೇಲೆಯೇ ಕೂಗಿದ. “ಹೊಲಿಗೆ ಕಲಿಯೋಕೆ ಕದ್ದು ಯಾಕ್ರೀ ಹೋಗ್ಬೇಕು? ಮುಚ್ಚಾಕೋಕೆ ನೀವೊಬ್ರು ಬಂದ್ರಾ? ನಿಮಗೇನು ಹೇಳಿ ಕಳಿಸಿದ್ಲು?”

ಅಮ್ಮಿಯನ್ನು ಗಲ್ಲಿಯ ತನಕ ಬಿಟ್ಟೆ. ನಾನು ನೇರವಾಗಿ ನಂದನ ಮನೆಗೆ ಹೋಗಿ ಎಲ್ಲ ಹೇಳಿದೆ.

“ನಾನು ಮುಖಾನೇ ನೋಡಿಲ್ಲ ಮಸ್ತಾನ್,” ಎಂದ ನಂದ. “ಟೀ ಅಂಗ್ಡೀಲಿ ಕೂತಿದ್ದೆ. ಸೀರೆ ಹೋಯ್ತು. ನಮ್ಮ ಮಗ್ಗದ ಸೀರೆ ಅದು, ಅಂಚು ನೋಡಿ ಗೊತ್ತಾಯ್ತು. ಎಡಕ್ಕೆ ಹೊಳ್ಳಿತು. ಅಷ್ಟೇ ನಾನು ಕಂಡಿದ್ದು.”

“ಸರಿ, ಈಗ ಸಂಗತಿ ಗೊತ್ತಾಯ್ತಲ್ಲ. ಆ ಸಾಲು ಬಿಟ್ಟುಬಿಡು.”

ಅವನು ಲಾಳಿ ಕೈಗೆತ್ತಿಕೊಂಡ. “ಹೊಲಿಗೇನೇ ಆಗಿದ್ರೆ ಗಂಡಂಗೆ ಯಾಕೆ ಹೇಳ್ಲಿಲ್ಲ?”

ಅವನ ಹಿಂದೆ ಕೂತಿದ್ದ ಚೌಡೇಶ್ವರಿಯ ಕೈ ಕಂಡಿಕೆಯ ಮೇಲೆ ನಿಂತಿತು. ಅವಳು ನನ್ನ ಮುಖ ನೋಡಿದಳು, ಮತ್ತೆ ಸುತ್ತಲು ಶುರುಮಾಡಿದಳು.

ಸಾಲು ಬಿಡಲಿಲ್ಲ. ಬಿಡಲು ಜನವೂ ಒಪ್ಪುತ್ತಿರಲಿಲ್ಲ, ಮೇಷ್ಟ್ರೂ ಒಪ್ಪುತ್ತಿರಲಿಲ್ಲ. ಗಿರಣಿಯವನ ಕತೆ ಸೇರಿಕೊಂಡ ಮೇಲಂತೂ ಆ ಹಾಡಿಗೆ ಬೇರೆಯೇ ಬೆಲೆ ಬಂದಿತ್ತು. ನಾನು ಬಾರಿಸುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ನಂದ ಒಂದು ಮಂಗಳವಾರ ಬೆಳಿಗ್ಗೆ ನನ್ನ ಅಂಗಡಿಗೆ ಬಂದ. ಬಾಗಿಲಲ್ಲೇ ನಿಂತ.

“ಗಾಡಿ ತೆಗಿ.”

“ಎಲ್ಲಿಗೆ?”

“ಗೊತ್ತಿಲ್ಲ. ಅವಳು ಎಲ್ಲಿಗೆ ಹೋಗ್ತಾಳೋ ಅಲ್ಲಿಗೆ.”

ಚೌಡೇಶ್ವರಿ ಕೆಲವು ವಾರಗಳಿಂದ ಮಂಗಳವಾರ ಮಂಗಳವಾರ ಮುತ್ಯಾಲಮ್ಮನ ಗುಡಿಗೆ ಹರಕೆ ಎಂದು ಹೇಳಿ ಹೋಗುತ್ತಿದ್ದಳಂತೆ. ಕೈಯಲ್ಲಿ ಬ್ಯಾಗು. ಮಧ್ಯಾಹ್ನದ ಹೊತ್ತಿಗೆ ಬರುವವಳು ಹಣೆಗೆ ಗುಡಿಯ ಕುಂಕುಮವಿಲ್ಲದೆ ಬರುತ್ತಿದ್ದಳಂತೆ, ಕಾಲಿಗೆ ಕೆಂಪು ಧೂಳು ಹತ್ತಿರುತ್ತಿತ್ತಂತೆ. ಅವನು ಅವಳನ್ನು ಒಂದೂ ಮಾತು ಕೇಳಿರಲಿಲ್ಲ. ಸಕ್ಕರೆ ಕಮ್ಮಿಯಾದರೆ ಇಡೀ ದಿನ ಕೇಳುವವನು ಇದನ್ನು ಕೇಳದೆ ಇದ್ದ ಎಂದಾಗ ಅವನು ಎಷ್ಟು ಹೆದರಿದ್ದಾನೆ ಎಂದು ನನಗೆ ಅರ್ಥವಾಯಿತು.

ಅವಳು ಬಸ್ಸು ಹತ್ತಿದಳು. ನಾವು ಟಿ.ವಿ.ಎಸ್. ಮೊಪೆಡ್ಡಿನಲ್ಲಿ ಹಿಂದೆ ಬಿದ್ದೆವು. ರಾಗಿ ಕೊಯ್ಲಾದ ಹೊಲಗಳು, ದ್ರಾಕ್ಷಿ ತೋಟದ ಕಲ್ಲುಕಂಬಗಳು. ಬಸ್ಸಿನ ಧೂಳೆಲ್ಲ ನಮ್ಮ ಬಾಯಿಗೆ. ನಂದ ನನ್ನ ಬೆನ್ನ ಹಿಂದೆ ತಾಳಕ್ಕೆ ತನಗೆ ತಾನೇ ಏನೋ ಹೇಳಿಕೊಳ್ಳುತ್ತಿದ್ದ. ಬಸ್ಸು ನಿಂತಲ್ಲೆಲ್ಲ ಸುಮ್ಮನಾಗುತ್ತಿದ್ದ. ಅವಳು ಇಳಿದದ್ದು ತೂಬಗೆರೆಯಲ್ಲಿ.

ಅವಳು ತಿರುಗಿ ನೋಡದೆ ಒಂದು ಹೆಂಚಿನ ಮನೆಗೆ ಹೋದಳು. ನಾವು ಬೇಲಿಯ ಹತ್ತಿರ ಗಾಡಿ ನಿಲ್ಲಿಸಿದೆವು. ಜಗುಲಿಯ ಮೇಲೆ ಹೊಲಿಗೆ ಮೆಷಿನ್ನು, ಅದರ ಮುಂದೆ ಭಾಗ್ಯಮ್ಮ. ಚೌಡೇಶ್ವರಿ ಬ್ಯಾಗಿನಿಂದ ಬ್ಲೌಸ್ ಪೀಸುಗಳನ್ನು ಒಂದೊಂದಾಗಿ ತೆಗೆದು ಕೊಡುತ್ತಿದ್ದಳು. ಅವಳು ಹೊಲಿದಿಟ್ಟಿದ್ದನ್ನು ಇವಳು ಮಡಿಸಿ ತುಂಬಿಕೊಳ್ಳುತ್ತಿದ್ದಳು. ನೇಕಾರರ ಬೀದಿಯ ಹೆಂಗಸರ ರವಿಕೆಗಳೆಲ್ಲ ಆ ಮನೆಯಲ್ಲಿ ಹೊಲಿಗೆಯಾಗುತ್ತಿದ್ದವು.

ನಂದ ಬೇಲಿ ದಾಟಿ ಒಳಗೆ ಹೋದ. ನಾನೂ ಹಿಂದೆ ಹೋದೆ.

“ಇಲ್ಲಿಗೆ ಅಂತ ಯಾಕೆ ಹೇಳ್ಲಿಲ್ಲ ನೀನು?” ಎಂದ ಹೆಂಡತಿಗೆ.

ಚೌಡೇಶ್ವರಿ ಗಾಬರಿಯಾಗಲಿಲ್ಲ. ಮಡಿಸುತ್ತಿದ್ದ ರವಿಕೆಯನ್ನು ಮಡಿಸಿ ಮುಗಿಸಿ ಬ್ಯಾಗಿಗೆ ಹಾಕಿದಳು. “ಹೇಳಿದ್ರೆ ಹಾಡು ಕಟ್ತಿದ್ರಿ,” ಎಂದಳು.

ನಂದ ಅಂಗಳದಲ್ಲೇ ನಿಂತ. ಭಾಗ್ಯಮ್ಮ ಒಳಗೆ ಹೋಗಿ ಎರಡು ಲೋಟ ಮಜ್ಜಿಗೆ ತಂದು ನಮ್ಮ ಮುಂದಿಟ್ಟಳು.

“ಕೂತ್ಕೊಳ್ಳಣ್ಣ. ನಿಮ್ಮನ್ನ ಒಂದು ಕೇಳ್ಬೇಕಿತ್ತು. ಆ ಹಾಡು ಊರೆಲ್ಲ ಕೇಳಿದ್ದಾರಂತೆ, ನಾನೇ ಕೇಳಿಲ್ಲ. ಆವತ್ತು ನಾನು ಮನೇಲಿದ್ದೆ. ಒಂದ್ಸಲ ಹೇಳಿ.”

“ಬೇಡ ಬಿಡಮ್ಮ.”

“ಇಲ್ಲ, ಹೇಳಿ. ನನ್ನ ಮೇಲೆ ಕಟ್ಟಿರೋ ಹಾಡು, ನಾನು ಕೇಳ್ಬಾರ್ದಾ? ಮಸ್ತಾನಣ್ಣ, ನೀವು ತಾಳ ಹಾಕಿ.”

ಜಗುಲಿಯ ಮೂಲೆಯಲ್ಲಿ ತಗಡಿನ ಡಬ್ಬವೊಂದಿತ್ತು. ಅವಳು ಅದನ್ನು ನನ್ನ ಕಡೆಗೆ ತಳ್ಳಿದಳು. ನಾನು ಬೆರಳಿನಿಂದ ತಟ್ಟಿದೆ. ನಂದ ಹೇಳಿದ. ಸಾವಿರಾರು ಜನರ ಮುಂದೆ ತಡವರಿಸದವನು ಆ ಅಂಗಳದಲ್ಲಿ ಎರಡು ಕಡೆ ತಪ್ಪಿದ. ಕೊನೆಯ ಸಾಲಿನ ಹೊತ್ತಿಗೆ ಅವನ ದನಿ ನನ್ನ ಡಬ್ಬದ ಸದ್ದಿಗಿಂತ ಕೆಳಗಿತ್ತು.

ಭಾಗ್ಯಮ್ಮ ಕೇಳಿದಳು. “ಚೆನ್ನಾಗೈತೆ,” ಎಂದಳು. ಆಮೇಲೆ, “ಇದಾದ ಮೇಲೆ ಏನು ಬರ್ತದೆ?”

“ಪಿಟೀಲು,” ಎಂದೆ ನಾನು.

“ಕೂಡ್ಲೇನಾ?”

“ಕೂಡ್ಲೇ.”

“ಅದೇ ನೋಡಿ. ಅಷ್ಟೊಂದು ಕೇಳ್ತೀರಾ, ಕೇಳಿದ್ಮೇಲೆ ಒಂದ್ ಗಳಿಗೆ ನಿಲ್ಲಬಾರ್ದಾ? ಆಯಮ್ಮ ಬಾಯಿ ತೆಗೆಯೋಷ್ಟರಲ್ಲಿ ಪಿಟೀಲು ಬಂದ್ಬಿಡ್ತದೆ. ನಮ್ಮೋರೂ ಹಂಗೇ. ಕೇಳೋರು, ಕೇಳಿ ಗಿರಣಿ ಚಾಲು ಮಾಡ್ಬಿಡೋರು. ಹೊಲಿಗೆ ಕಲೀತೀನಿ ಅಂತ ಹೇಳೋಕೆ ಎಷ್ಟು ಸಲ ಹೋದೆನೋ. ಮುಖದ ಮೇಲೆ ಹೂವು ಅಂದ್ರಲ್ಲ, ಅದು ದಿಟ. ಮೊದಲ್ನೇ ಸಲ ತೋಳು ಸರಿಯಾಗಿ ಕೂಡಿಸಿದ ದಿನ ನನ್ನ ಕಾಲು ನೆಲದ ಮೇಲಿರ್ಲಿಲ್ಲ.”

ವಾಪಸ್ಸು ಬರುವಾಗ ಚೌಡೇಶ್ವರಿ ಬಸ್ಸಿನಲ್ಲೇ ಬಂದಳು. ನಂದ ಅವಳ ಜೊತೆ ಬಸ್ಸು ಹತ್ತಲು ಹೋಗಿ, ಹತ್ತದೆ, ಮತ್ತೆ ನನ್ನ ಗಾಡಿಗೆ ಬಂದ.

ಅವನು ಆ ಹಾಡನ್ನು ಮತ್ತೆ ಕಟ್ಟುತ್ತೇನೆ ಎಂದಾಗ ವೇಣು ಮೇಷ್ಟ್ರು ಸಿಟ್ಟಾದರು. “ಜನ ಪ್ರಶ್ನೆ ಕೇಳೋಕೆ ಬರ್ತಾರೆ ಕಣಯ್ಯ. ಉತ್ತರ ಅವರ ಮನೇಲೇ ಇರ್ತದೆ.” ಆಗ ಮಾತಾಡಿದ್ದು ವಾಣಿ. ಅವಳು ತಾಲೀಮಿನಲ್ಲಿ ಎಂದೂ ದನಿ ಎತ್ತಿದವಳಲ್ಲ.

“ಸಾರ್, ಈ ಪುಣ್ಯಾತ್ಮ ಇಷ್ಟು ವರ್ಷದಿಂದ ಸ್ಟೇಜ್ ಮೇಲೆ ನನ್ನನ್ನ ಬೈತಾನೇ ಇದ್ದಾರೆ. ನಾನು ಹಲ್ಲು ಬಿಟ್ಕೊಂಡು ನಿಂತಿರ್ತೀನಿ. ಒಂದ್ಸಲ ನಾನು ಮಾತಾಡ್ತೀನಿ.”

ಭಾಗ್ಯಮ್ಮನ ಒಪ್ಪಿಗೆ ಕೇಳಲು ಚೌಡೇಶ್ವರಿಯನ್ನೇ ಕಳಿಸಿದೆವು. ‘ಹೆಸರು ಬೇಡ, ಸೂಜಿ ಇರಲಿ’ ಎಂದು ಭಾಗ್ಯಮ್ಮ ಹೇಳಿ ಕಳಿಸಿದಳು.

ಯುಗಾದಿಯ ಮರುವಾರ ತೂಬಗೆರೆಯ ಯುವಕರ ಸಂಘದವರು ನಮ್ಮನ್ನು ಕರೆಸಿದರು. ಸ್ಕೂಲಿನ ಮೈದಾನ, ಇನ್ನೂ ಬೆಳಕಿತ್ತು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ಚೌಡೇಶ್ವರಿಯೂ ಭಾಗ್ಯಮ್ಮನೂ ಪಕ್ಕಪಕ್ಕದಲ್ಲಿ ಕೂತಿದ್ದರು. ನಾನು ಢೋಲಕ್ ಬಿಗಿ ಮಾಡುತ್ತಿದ್ದಾಗ ಗಂಡಸರ ಸಾಲಿನ ಹಿಂದೆ ಬೈರಪ್ಪ ನಿಂತಿರುವುದು ಕಣ್ಣಿಗೆ ಬಿತ್ತು. ಯಾರು ಅವನಿಗೆ ಸುದ್ದಿ ಮುಟ್ಟಿಸಿದರೋ ಕಾಣೆ. ನಂದನಿಗೆ ತೋರಿಸಿದೆ. “ನೋಡ್ದೆ,” ಎಂದ.

ಹಾಡು ಶುರುವಾಯಿತು. ಕೊಳಲು, ಪಲ್ಲವಿ, ಆಮೇಲೆ ಹಸಿರು ಸೀರೆಯ ಪ್ರಶ್ನೆ. ಜನ ಕಾದಿದ್ದು ಅದಕ್ಕೇ, ಕೂಗಿದರು. ಪಿಟೀಲು ಬರಬೇಕಾದ ಜಾಗದಲ್ಲಿ ಮೇಷ್ಟ್ರು ಬಿಲ್ಲು ಇಳಿಸಿದರು. ನಾನು ಕೈ ಎತ್ತಿದೆ. ಮೈದಾನದಲ್ಲಿ ಒಂದು ಸದ್ದೂ ಇಲ್ಲ. ಯಾವುದೋ ವೈರು ಕಿತ್ತುಹೋಯಿತೇನೋ ಎಂದು ಮೈಕ್ ಸೆಟ್ಟಿನವನು ಎದ್ದು ನಿಂತ. ಆಗ ವಾಣಿ ಹಾಡದೆ, ಮಾತಿನಲ್ಲೇ, ತಾಳ ತಪ್ಪದೆ ಹೇಳಿದಳು.

“ಎಡಕ್ಕೆ ಹೊಳ್ಳಿದೆ ಹೌದಪ್ಪ, ಎಡಗಡೆ ಇತ್ತು ಹೊಲಿಗೆ ಮನೆ,
ಬಟ್ಟೆ ಕತ್ತರಿಸೋದು ಕಲಿತೆ, ಬಾಯಿ ಹೊಲ್ಕೊಂಡೆ ಸುಮ್ಮನೆ.
ಸೂಜಿ ಕಣ್ಣಲ್ಲಿ ದಾರ ತೂರ್ತು, ನಿನ್ನ ಕಣ್ಣಲ್ಲಿ ನಾ ತೂರ್ಲಿಲ್ಲ,
ಹೇಳಾನಂತ ಬಾಯಿ ತೆಗೆದೆ, ನೀ ಒಂದ್ ಗಳಿಗೆ ನಿಲ್ಲಲಿಲ್ಲ.”

ಹೆಂಗಸರ ಕಡೆಯಿಂದ ಚಪ್ಪಾಳೆ ಬಂತು, ಶಿಳ್ಳೆ ಕೂಡ. ಅದು ಮುಗಿಯುವ ಮೊದಲೇ ಬೈರಪ್ಪ ಜನರನ್ನು ಸರಿಸಿಕೊಂಡು ವೇದಿಕೆ ಹತ್ತಿಬಿಟ್ಟಿದ್ದ.

“ನಿಲ್ಸು! ಇದು ಅವಳ ಮಾತು. ‘ಒಂದ್ ಗಳಿಗೆ ನಿಲ್ಲಿ’ ಅನ್ನೋದು ಅವಳ ಮಾತು, ನಮ್ಮನೇಲಿ ದಿನಾ ಅನ್ನೋಳು. ನಿನಗೆ ಹೆಂಗೆ ಗೊತ್ತಾಯ್ತು? ಅಂದ್ರೆ ನೀನು ಇಲ್ಲಿಗೆ ಬರ್ತಿದ್ದೆ. ಹೌದೋ ಅಲ್ವೋ?”

ಅವಳ ಮೇಲಿನ ಅಪವಾದ ತೊಳೆಯಲು ಕಟ್ಟಿದ ಸಾಲೇ ಅವನಿಗೆ ಹೊಸ ಸಾಕ್ಷಿಯಾಗಿತ್ತು. ಸಂಘದ ಹುಡುಗರು ಅವನನ್ನು ಹಿಡಿಯಲು ಬಂದರು. ನಂದ ಬೇಡವೆಂದು ಕೈ ಮಾಡಿದ. ಅವನ ಮುಖ ನೋಡಿದೆ. ಬೈರಪ್ಪನ ಒಳಗೆ ನಡೆಯುತ್ತಿದ್ದುದು ಅವನಿಗೆ ಗೊತ್ತಿದ್ದಷ್ಟು ಆ ಮೈದಾನದಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

“ಬಂದಿದ್ದೆ ಬೈರಪ್ಪಣ್ಣ. ನನ್ನ ಹೆಂಡ್ತೀನ ಹಿಂಬಾಲಿಸ್ಕೊಂಡು ಬಂದಿದ್ದೆ, ನಿಮ್ಮಂಗೇ ತಲೆಕೆಟ್ಟು,” ಎಂದ. ಮೈಕನ್ನು ಅವನ ಕೈಗೆ ಕೊಟ್ಟ. “ನನ್ನನ್ನ ಕೇಳ್ಬೇಡಿ. ಅಲ್ಲಿ ಕೂತವ್ರೆ, ಅವ್ರನ್ನ ಕೇಳಿ.”

ಬೈರಪ್ಪ ಮೈಕು ಹಿಡಿದು ನಿಂತ. ಅವನ ಉಸಿರು ನಾಲ್ಕೂ ಸ್ಪೀಕರುಗಳಲ್ಲಿ ಕೇಳುತ್ತಿತ್ತು. ಬೈಯುತ್ತಾನೆ ಎಂದುಕೊಂಡೆವು. ಅವನ ಬಾಯಿಂದ ಬಂದದ್ದು ಇಷ್ಟೇ:

“ನನಗ್ಯಾಕೆ ಹೇಳ್ಲಿಲ್ಲ ನೀನು?”

ಭಾಗ್ಯಮ್ಮ ಎದ್ದು ನಿಂತಳು. ಮೈಕು ಅವಳ ಹತ್ತಿರ ಇರಲಿಲ್ಲ, ಬೇಕಾಗಲೂ ಇಲ್ಲ.

“ಹೇಳಿದ್ರೆ ಕಳಿಸ್ತಿದ್ರಾ?”

ಮೈದಾನಕ್ಕೆ ಮೈದಾನವೇ ಬೈರಪ್ಪನನ್ನು ನೋಡಿತು. ನನ್ನ ಪಕ್ಕದಲ್ಲಿ ಮೇಷ್ಟ್ರು ಬಿಲ್ಲನ್ನು ಎರಡೂ ಕೈಯಲ್ಲಿ ಹಿಡಿದು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಬೈರಪ್ಪ ಮೈಕನ್ನು ನೆಲದ ಮೇಲೆ ಮೆಲ್ಲಗೆ ಇಟ್ಟು, ಮೆಟ್ಟಿಲು ಇಳಿದು, ಬಂದ ದಾರಿಯಲ್ಲೇ ಹೋದ.

ಆಮೇಲೆ ಅವನು ತೂಬಗೆರೆಗೆ ಹಲವು ಸಲ ಹೋದನಂತೆ. ಮೊದಮೊದಲು ಭಾಗ್ಯಮ್ಮನ ಅಣ್ಣನ ಜೊತೆ ಜಗುಲಿಯ ಮೇಲೆ ಕೂತು ಮಳೆ ಬೆಳೆ ಮಾತಾಡಿ ಎದ್ದು ಬರುತ್ತಿದ್ದನಂತೆ. ಗೌರಿ ಹಬ್ಬದ ಹೊತ್ತಿಗೆ ಅವಳು ವಾಪಸ್ಸು ಬಂದಳು, ಹೊಲಿಗೆ ಮೆಷಿನ್ನಿನ ಸಮೇತ. ಅದನ್ನು ಗಿರಣಿಯ ಮುಂದಿನ ಕೋಣೆಯಲ್ಲೇ ಹಾಕಿಸಿಕೊಂಡಳು. ಬಂದು ಹೋಗುವವರಿಗೆಲ್ಲ ಕಾಣುವ ಹಾಗೆ. ಬೈರಪ್ಪ ಬದಲಾಗಿದ್ದಾನೆ ಎಂದು ಊರು ಹೇಳಿತು. ಅಮ್ಮಿ ನಂಬಲಿಲ್ಲ. ವಾರಕ್ಕೊಮ್ಮೆ ಗೋಧಿ ಬೀಸಿಸುವ ನೆಪದಲ್ಲಿ ಗಿರಣಿಗೆ ಹೋಗಿ, ಭಾಗ್ಯಮ್ಮನ ಕಣ್ಣು ಕೆಂಪಾಗಿದೆಯೇ, ಕೈಬಳೆ ಸರಿಯಾಗಿವೆಯೇ ಎಂದು ನೋಡಿಕೊಂಡು ಬರುತ್ತಿದ್ದರು. ನಮ್ಮ ಮನೆಯಲ್ಲಿ ಆ ವರ್ಷವೆಲ್ಲ ತಿನ್ನಲಾರದಷ್ಟು ಗೋಧಿ ಹಿಟ್ಟು.

ನಂದನ ಹಾಡುಗಳಲ್ಲಿ ಅಂದಿನಿಂದ ಎರಡು ದನಿ ಬಂದವು. ಎಲ್ಲ ಕಡೆಯೂ ಜನರಿಗೆ ಇಷ್ಟವಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವು ಊರುಗಳಲ್ಲಿ ವಾಣಿ ಮಾತು ಶುರುಮಾಡಿದರೆ, “ಸಾಕು ಬಿಡಮ್ಮ, ನಂದು ಹೇಳ್ಲಿ” ಎಂದು ಕೂಗಿದ್ದೂ ಉಂಟು. ನಂದ ಆಗ ಮೈಕು ಕೆಳಗಿಟ್ಟು ಕೈಕಟ್ಟಿ ನಿಲ್ಲುತ್ತಿದ್ದ. ಮನೆಯಲ್ಲಿ ಹೇಗಿದ್ದನೋ ಪೂರ್ತಿ ಹೇಳಲಾರೆ. ತೆಂಗಿನಕಾಯಿಯವನ ಜೊತೆ ಜಗಳ ನಿಂತಿರಲಿಲ್ಲ. ಚೌಡೇಶ್ವರಿ ಎಲ್ಲಿಗಾದರೂ ಹೊರಟರೆ ಚಪ್ಪಲಿ ಮೆಟ್ಟುವ ತನಕ ಅವಳನ್ನೇ ನೋಡುತ್ತಿದ್ದ, ಕೇಳುತ್ತಿರಲಿಲ್ಲ. ಕೇಳದೆ ಇರುವುದು ಅವನಿಗೆ ಮೈಗೆ ಒಗ್ಗದ ಅಂಗಿಯ ಹಾಗೆ ಹಿಂಸೆ ಕೊಡುತ್ತಿತ್ತು ಎಂದು ನನಗೆ ಕಾಣುತ್ತಿತ್ತು.

ತೊಂಬತ್ತೆಂಟರ ಹೊತ್ತಿಗೆ ಆರ್ಕೆಸ್ಟ್ರಾ ಕರೆಯುವವರು ಕಮ್ಮಿಯಾದರು. ವೇಣು ಮೇಷ್ಟ್ರಿಗೆ ವರ್ಗವಾಯಿತು. ವಾಣಿ ಮದುವೆಯಾಗಿ ನೆಲಮಂಗಲಕ್ಕೆ ಹೋದಳು, ಅಲ್ಲಿನ ತಂಡವೊಂದರಲ್ಲಿ ಹಾಡುತ್ತಿದ್ದಾಳೆಂದು ಕೇಳಿದೆವು. ಒಂದು ದಿನ ಯಾರೋ ಬಂದು, ನಿಮ್ಮ ಹಸಿರು ಸೀರೆ ಹಾಡನ್ನು ಅಲ್ಲಿ ಅವಳು ಹಾಡುತ್ತಿದ್ದಾಳೆ ಎಂದರು. ನಂದ ಮಗ್ಗ ನಿಲ್ಲಿಸಿದ.

“ಗೊತ್ತಿತ್ತು ನಂಗೆ. ಅವಳ ಕಣ್ಣಲ್ಲೇ ಇತ್ತು ಕಳ್ಳತನ. ನಡಿ ಮಸ್ತಾನ್, ಕೈಯಲ್ಲೇ ಹಿಡೀಬೇಕು.”

ಚೌಡೇಶ್ವರಿ ತಾನೂ ಬರುತ್ತೇನೆಂದಳು. ಮೂವರೂ ಬಸ್ಸಿನಲ್ಲಿ ಹೋದೆವು. ನೆಲಮಂಗಲದ ಹೊರಗೆ ಒಂದು ಮದುವೆಯ ಆರತಕ್ಷತೆ. ನಾವು ಚಪ್ಪರದ ಹಿಂದಿನ ಕಂಬದ ಮರೆಗೆ ನಿಂತೆವು. ವಾಣಿ ಬಂದಳು, ಹೊಸ ಹುಡುಗನೊಬ್ಬ ಪ್ರಶ್ನೆ ಕೇಳಿದ. ನಂದನ ನಾಲ್ಕು ಸಾಲು ಅಲ್ಲಿ ಎರಡೇ ಸಾಲಾಗಿತ್ತು. ವಾಣಿಯ ಉತ್ತರ ಮಾತ್ರ ಬೆಳೆದು ಬೆಳೆದು ಉದ್ದವಾಗಿತ್ತು. ಕಂಡಿಕೆ ಸುತ್ತುವವಳ ಮಾತು, ಸಕ್ಕರೆಯ ಲೆಕ್ಕ ಕೇಳುವ ಗಂಡನ ಮಾತು, ಇಲ್ಲದ ಹರಕೆ ಹೊತ್ತು ಗುಡಿಗೆ ಹೋದವಳ ಮಾತು, ಎಲ್ಲ ಅದರಲ್ಲಿತ್ತು. ಅವಳು ಉಸಿರು ತೆಗೆದುಕೊಳ್ಳುವ ಜಾಗದಲ್ಲೆಲ್ಲ ಪಿಟೀಲು ಹಿತವಾಗಿ ಬಂದು ಹೋಗುತ್ತಿತ್ತು. ಮದುವಣಗಿತ್ತಿ ತಲೆ ಎತ್ತಿ ಕೇಳುತ್ತಿದ್ದಳು.

ನಂದ ಜಗಳಕ್ಕೆ ಹೋಗಲಿಲ್ಲ. ಹಾಡು ಮುಗಿದ ಮೇಲೂ ಕಂಬ ಹಿಡಿದುಕೊಂಡೇ ನಿಂತಿದ್ದ. “ನನಗಿಂತ ಚೆನ್ನಾಗೈತೆ,” ಎಂದ ಕೊನೆಗೆ.

ಬಸ್ಸಿನಲ್ಲಿ ಅವರಿಬ್ಬರೂ ಒಂದು ಸೀಟು, ನಾನು ಹಿಂದಿನ ಸೀಟು. ಊರು ದಾಟಿದ ಮೇಲೆ ಅವನು ಹೆಂಡತಿಯ ಕಡೆ ತಿರುಗಿದ.

“ಕಂಡಿಕೆ ಮಾತು ವಾಣಿಗೆ ಹೆಂಗೆ ಗೊತ್ತಾಯ್ತು? ಅವಳು ದೇವನಹಳ್ಳಿಯೋಳು, ಮಗ್ಗಾನೇ ನೋಡಿಲ್ಲ.”

“ಕೇಳಿದ್ಲು.”

“ಯಾರನ್ನ?”

“ನನ್ನನ್ನ,” ಎಂದಳು ಚೌಡೇಶ್ವರಿ. “ಹಾಡೋಕೆ ಮುಂಚೆ ಮನೇಗೆ ಬಂದಿದ್ಲು. ನೀವು ನೂಲು ತರೋಕೆ ಹೋಗಿದ್ರಿ. ಆ ಸಾಲು ಕಟ್ಟಿದ್ದು ನಾನೇ.”

ನಂದ ಬಾಯಿ ತೆರೆದ. ಅವನ ತುಟಿಯ ಮೇಲೆ ಎಷ್ಟು ಪ್ರಶ್ನೆಗಳು ಬಂದು ನಿಂತಿದ್ದವೆಂದು ಹಿಂದೆ ಕೂತ ನನಗೂ ತಿಳಿಯುತ್ತಿತ್ತು. ಕಂಡಕ್ಟರ್ ಬಂದು ಟಿಕೆಟ್ ಎಂದ. ಚೌಡೇಶ್ವರಿ ಮೂವರದ್ದೂ ತೆಗೆದುಕೊಂಡಳು.